ಲ್ಯಾಪ್‌ಟಾಪ್ ಜೊತೆ ನೆಟ್ಟೂ ಫ್ರೀ ಅಂದ್ರೆ ಹೂಂ ಅನ್ನೋಕ್ ಮುಂಚೆ

ಅಕ್ಕನ ಮಗಳು ಮಂಡ್ಯದಲ್ಲಿ ಬಿಕಾಂ ಸೇರಿ ಇನ್ನೂ ಹದಿನೈದ್ ದಿನ ಆಗಿರ್ಲಿಲ್ಲ, ಭಾವ ಫೋನ್ ಮಾಡಿ "ಏನಪ್ಪಾ, ಇಲ್ಲೊಂದ್ ಪಾಂಪ್ಲೆಟ್ ಕೊಟ್ಟವ್ರೆ, ಲ್ಯಾಪ್‌ಟಾಪೂ ಕೊಡ್ತಾರಂತೆ, ಎರಡ್ ವರ್ಸ ನೆಟ್ಟೂ ಕೊಡ್ತಾರಂತೆ, ಈಗ ಕೈಯಿಂದ ಒಂದ್ ರೂಪಾಯೂ ಹಾಕಂಗಿಲ್ವಂತೆ, ತಿಂಗ್ಳಿಗೆ ಎರಡ್ ಸಾವ್ರದ ಮೇಲ್ ಚಿಲ್ರೆ ಕಟ್ಟಿದ್ರಾಯ್ತಂತೆ, ತಗಂಬುಡ್ಲಾ?" ಅಂದ್ರು. ನಾನಿರೋದು ಮೈಸೂರಲ್ಲಿ, ಕುವೆಂಪುನಗರದಲ್ಲಿ. ಅವ್ರಿರೋದು ಪಾಂಡವಪುರದ ಆಚೆ, ಕುಂತಿಬೆಟ್ಟದ ಮಗ್ಗುಲಲ್ಲಿ ಒಂದ್ ಹಳ್ಳಿ. ಮನೆಯಲ್ಲಿ ಕಂಪ್ಯೂಟರ್ ಗೊತ್ತಿರೋನು ಒಬ್ಬ ಇದ್ರೆ ಇಡೀ ಬಳಗಕ್ಕೆ ಅವ್ನೇ ಸರ್ವಿಸ್ ಸೆಂಟರ್ ಅಲ್ವಾ, ಹಂಗಾಗಿ ಈ ಕೇಸು ನನ್ ತಲೆಗೇ ಬಂತು.

"ಭಾವ, ಎರಡ್ ದಿನ ಸುಮ್ನಿರಿ, ಸೈನ್ ಮಾತ್ರ ಹಾಕ್ಬೇಡಿ" ಅಂದೆ. ಯಾಕಂದ್ರೆ ಇದೇ ಹಳ್ಳಕ್ಕೆ ನಾನೂ ಒಂದ್ ಸಲ ಬಿದ್ದಿದ್ದೆ. 2011ರಲ್ಲಿ, ಡಾಂಗಲ್ ಕಾಲ, ಅಂದ್ರೆ ಲ್ಯಾಪ್‌ಟಾಪಿಗೆ ಚುಚ್ಚೋ ನೆಟ್ ಕಡ್ಡಿ. ಒಂದು ಲ್ಯಾಪ್‌ಟಾಪು, ಅದ್ರ ಜೊತೆ ಒಂದು ಡಾಂಗಲ್ಲು, ವರ್ಷದ ಪ್ಲಾನು ಎಲ್ಲಾ ಸೇರ್ಸಿ ಒಂದೇ ರೇಟು ಅಂತ ತಗೊಂಡೆ, ಕಂಪನಿ ಹೆಸರು ಬೇಡ ಬಿಡಿ. ಅಂಗಡಿಯಲ್ಲಿ ಗಾಳಿ ಥರ ಓಡ್ತು. ಊರಿಗ್ ತಗೊಂಡ್ ಹೋದ್ರೆ ಸಿಗ್ನಲ್ಲೇ ಇಲ್ಲ, ಐದು ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲ್‌ನ ಕಿಟಕಿ ಸರಳಿಗೆ ಕಟ್ಟಿ, ಮಳೆ ಬಂದ್ರೆ ಅಂತ ಅದಕ್ಕೊಂದು ಹಾಲಿನ ಪ್ಯಾಕೆಟ್ ಕವರ್ ತೊಡ್ಸಿ, ಒಂದ್ ವರ್ಷ ದಬ್ಬಿದ್ದೀನಿ. ಆ ಡಾಂಗಲ್ಲು ಬೇರೆ ಕಂಪನಿ ಸಿಮ್ ತಗೊಳ್ತಾನೂ ಇರ್ಲಿಲ್ಲ, ಲಾಕು.

ಆ ಒಂದ್ ವರ್ಷದಲ್ಲಿ ನಂಗೆ ತಲೆಗೆ ಹೋಗಿದ್ದು ಇಷ್ಟೇ. ಲ್ಯಾಪ್‌ಟಾಪು ಅನ್ನೋದು ನಾಲ್ಕೈದು ವರ್ಷ ಇಟ್ಕೊಳೋ ಸಾಮಾನು, ನೆಟ್ಟು ಅನ್ನೋದು ಸರಿ ಹೋಗ್ಲಿಲ್ಲ ಅಂದ್ರೆ ಬರೋ ತಿಂಗಳೇ ಬಿಸಾಕ್ಬೇಕಾದ ಸಾಮಾನು, ಈ ಎರಡನ್ನ ಒಂದೇ ಹಗ್ಗದಲ್ಲಿ ಕಟ್ಟಿದ್ರೆ ನಷ್ಟ ಯಾವಾಗ್ಲೂ ಕಟ್ಟಿಸ್ಕೊಂಡೋರಿಗೇ. ಹಂಗಂತ ಬಂಡಲ್ ಆಫರ್ ಎಲ್ಲಾನೂ ಮೋಸ ಅಂತಲ್ಲ, ಕೆಲವು ಸಲ ಲೆಕ್ಕ ಕೂಡ್ತದೆ. ಕೂಡ್ತದಾ ಇಲ್ವಾ ಅಂತ ನೋಡೋದು ಹೆಂಗೆ ಅನ್ನೋದೇ ಕೆಳಗೆ ಬರ್ದಿರೋದು, ಭಾವಂಗೆ ನಾನು ಮಾಡ್ಸಿದ ಕ್ರಮದಲ್ಲೇ ಬರೀತೀನಿ.

ಮೊದಲು: ಯಾರಿಗೆ, ಯಾತಕ್ಕೆ, ಯಾವ ರೂಮಲ್ಲಿ

ಒಂದು ಹಾಳೆ ತಗೊಂಡು ಬರೀರಿ, ಸುಮ್ನೆ ತಲೆಯಲ್ಲಿ ಇಟ್ಕೊಂಡ್ರೆ ಅಂಗಡಿಯವನ ಮಾತಿಗೆ ಎಲ್ಲಾ ಹಾರಿಹೋಗತ್ತೆ. ನಮ್ ಹುಡುಗಿಗೆ ಬೇಕಾಗಿದ್ದು ಎಕ್ಸೆಲ್ಲು, ಲೆಕ್ಕಪತ್ರ ಬರೆಯೋ ಟ್ಯಾಲಿ, ಪಿಡಿಎಫ್ ನೋಟ್ಸು, ಯೂಟ್ಯೂಬ್ ಪಾಠ, ಆಗಾಗ ನುಡಿಯಲ್ಲಿ ಕನ್ನಡ ಟೈಪಿಂಗು. ಇದ್ರಲ್ಲಿ ಟ್ಯಾಲಿ ಅನ್ನೋ ಒಂದೇ ಪದ ಅರ್ಧ ಆಯ್ಕೆ ಮುಗಿಸ್ಬಿಡತ್ತೆ, ಯಾಕಂದ್ರೆ ಟ್ಯಾಲಿಪ್ರೈಮ್ ಓಡೋದು ವಿಂಡೋಸ್ ಮೇಲೆ. ಅಲ್ಲಿಗೆ ಗೂಗಲ್ ಸಿಸ್ಟಮ್ ಮೇಲೆ ಓಡೋ ಕ್ರೋಮ್‌ಬುಕ್ಕು, ಆಂಡ್ರಾಯ್ಡ್ ಥರದ ಸಿಸ್ಟಮ್ ಇರೋ ಸಿಮ್ ಲ್ಯಾಪ್‌ಟಾಪು ಎರಡೂ ಲಿಸ್ಟಿಂದ ಔಟು. ಹೈಸ್ಕೂಲ್ ಮಗು, ಬರೀ ವಿಡಿಯೋ ಪಾಠ, ಗೂಗಲ್ ಡಾಕ್ಸು ಅಂದ್ರೆ ಅದೇ ಲ್ಯಾಪ್‌ಟಾಪು ಧಾರಾಳ ಆಗತ್ತೆ. ಇಂಜಿನಿಯರಿಂಗ್ ಸೇರಿರೋರು ಆಟೋಕ್ಯಾಡ್ ಅಂತ ಶುರು ಮಾಡಿದ್ರೆ ಈ ಬಜೆಟ್ಟಿನ ಮಾತೇ ಬೇರೆ, ಅವ್ರು ಮೊದಲು ಸೀನಿಯರ್‌ಗಳನ್ನ ಕೇಳಿ.

ಹಂಗೇ ಯಾವ ರೂಮಲ್ಲಿ ಕೂತು ಓದ್ತಾರೆ ಅನ್ನೋದೂ ಬರೀರಿ. ನಗ್ಬೇಡಿ, ಮುಂದಿನ ಹೆಜ್ಜೆ ಪೂರ್ತಿ ಅದ್ರ ಮೇಲೇ ನಿಂತಿರೋದು.

ಲ್ಯಾಪ್‌ಟಾಪ್ ನೋಡೋಕ್ ಮುಂಚೆ ಸಿಗ್ನಲ್ ನೋಡಿ

ಎಲ್ರೂ ಉಲ್ಟಾ ಮಾಡೋದು ಇಲ್ಲೇ. ದೇವರಾಜ ಅರಸು ರಸ್ತೆಯ ಅಂಗಡಿಯಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡ್ಸಿ "ನೋಡಿ ಸಾರ್ ಎಷ್ಟ್ ಫಾಸ್ಟು" ಅಂತಾರೆ. ಅಲ್ಲಿ ಫಾಸ್ಟೇ ಇರತ್ತೆ, ನಿಮ್ಮನೆ ಅಲ್ಲಿಲ್ವಲ್ಲ.

ಮಾಡ್ಬೇಕಾದ್ದು ಏನಂದ್ರೆ, ಮನೆಯವ್ರು, ಪಕ್ಕದ ಮನೆಯವ್ರು, ಸಂಬಂಧಿಕರು ಯಾರ್ ಯಾರ್ ಹತ್ರ ಬೇರೆ ಬೇರೆ ಕಂಪನಿ ಸಿಮ್ ಇದ್ಯೋ ಅವ್ರನ್ನ ಕರ್ದು ಕಾಫಿ ಕೊಡಿ, ಅವ್ರ ಫೋನನ್ನ ಆ ಓದೋ ರೂಮಲ್ಲೇ ಇಟ್ಟು ಟೆಸ್ಟ್ ಮಾಡಿ. ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಟ್ರಾಯ್‌ನವ್ರದ್ದೇ ಮೈಸ್ಪೀಡ್ ಅಂತ ಆ್ಯಪ್ ಇದೆ, ಅದಾದ್ರೂ ಸರಿ ಬೇರೆ ಯಾವ್ದಾದ್ರೂ ಸರಿ. ಬೆಳಗ್ಗೆ ಒಂದ್ ಸಲ, ರಾತ್ರಿ ಎಂಟರಿಂದ ಹತ್ತರ ಒಳಗೆ ಒಂದ್ ಸಲ, ರಾತ್ರೀದೇ ಮುಖ್ಯ, ಊರೆಲ್ಲಾ ಫೋನ್ ಹಿಡ್ಕೊಂಡ್ ಕೂತಿರ್ತಾರೆ, ಒಂದೇ ಟವರ್ ಎಲ್ರಿಗೂ ಹಂಚ್ಬೇಕು, ಬೆಳಗ್ಗೆ ಮೂವತ್ತು ಎಂಬಿಪಿಎಸ್ ತೋರ್ಸಿದ್ದು ರಾತ್ರಿ ಎರಡಕ್ಕೆ ಇಳ್ದಿರತ್ತೆ. ಐಪಿಎಲ್ ಇದ್ರಂತೂ ಕೇಳ್ಲೇಬೇಡಿ.

ಫೋನಿನ ಮೇಲ್ಗಡೆ ಕಾಣೋ ಕಡ್ಡಿಗಳನ್ನ ನಂಬೋಕ್ ಹೋಗ್ಬೇಡಿ, ಒಂದೊಂದ್ ಫೋನ್ ಒಂದೊಂದ್ ಥರ ತೋರ್ಸತ್ತೆ. ಆಂಡ್ರಾಯ್ಡ್ ಫೋನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದ್ರೆ ಡಿಬಿಎಂ ಅಂತ ಮೈನಸ್ ನಂಬರ್ ಇರತ್ತೆ, ಸಿಗ್ನಲ್ಲಿನ ಅಳತೆ ಅದೇ, ಕೆಲವು ಫೋನಲ್ಲಿ ಒಂಚೂರು ಹುಡುಕ್ಬೇಕು. 4ಜಿಯಲ್ಲಿ ಮೈನಸ್ 90 ಆಸುಪಾಸು ಅಂದ್ರೆ ಆರಾಮು, ಮೈನಸ್ 105 ದಾಟಿದ್ರೆ ತಿಣುಕಾಟ, ಮೈನಸ್ 115 ಅಂದ್ರೆ ಆ ಕಂಪನಿ ಆ ರೂಮಿಗೆ ಲಾಯಕ್ಕಿಲ್ಲ. ಮೈನಸ್ ಇರೋದ್ರಿಂದ ಅಂಕಿ ದೊಡ್ದಾದಷ್ಟೂ ಸಿಗ್ನಲ್ ಕಮ್ಮಿ, ಇದು ಭಾವಂಗೆ ಅರ್ಥ ಮಾಡ್ಸೋಕೇ ನಂಗೆ ಹತ್ ನಿಮಿಷ ಹಿಡೀತು. "ಸಾಲ ಇದ್ದಂಗೆ ಭಾವ, ಅಂಕಿ ಬೆಳೆದ್ರೆ ಒಳ್ಳೇದಲ್ಲ" ಅಂದ್ಮೇಲೆ ತಕ್ಷಣ ಹತ್ತೋಯ್ತು.

ನಮ್ ಕಡೆ ಇನ್ನೊಂದ್ ವಿಚಾರ ಇದೆ. ನಾಲೆ ಬಯಲಲ್ಲಿ ಕಬ್ಬು ಆಳೆತ್ತರ ದಾಟಿ ನಿಂತಾಗ ಸಿಗ್ನಲ್ ಸ್ವಲ್ಪ ಕುಗ್ಗತ್ತೆ, ಎಲೆಯಲ್ಲಿ ನೀರಿರತ್ತಲ್ಲ, ಹೆಚ್ಚು ಫ್ರೀಕ್ವೆನ್ಸಿ ಇರೋ ಅಲೆಗಳನ್ನ ಅದು ಹೀರ್ಕೊಳತ್ತೆ. ತೋಟದ ಮನೆಯವ್ರು ಕಬ್ಬು ಕಡ್ದ ಮೇಲೆ ಟೆಸ್ಟ್ ಮಾಡಿ ಖುಷಿ ಪಟ್ಟು ಲ್ಯಾಪ್‌ಟಾಪ್ ತಂದು, ಆರೇಳು ತಿಂಗಳಾದ್ಮೇಲೆ ನೆಟ್ ಬರ್ತಿಲ್ಲ ಅಂತ ಬೈಕೊಂಡ್ರೆ ಅದ್ಕೆ ಇದೂ ಒಂದ್ ಕಾರಣ ಇರ್ಬೋದು. ಆರ್‌ಸಿಸಿ ಮನೆಯ ಒಳ ರೂಮಿಗಿಂತ ಹೆಂಚಿನ ಮನೆ ಅಟ್ಟದಲ್ಲಿ ಸಿಗ್ನಲ್ ಚೆನ್ನಾಗಿರತ್ತೆ, ನಮ್ ಅಕ್ಕನ ಮನೇಲಿ ಕೊನೆಗೆ ಗೆದ್ದಿದ್ದೂ ಅಟ್ಟವೇ. ಟೆಲಿಕಾಂ ಕಂಪನಿಗಳು ತಮ್ಮ ವೆಬ್‌ಸೈಟಲ್ಲಿ ಕವರೇಜ್ ಮ್ಯಾಪ್ ಹಾಕ್ಲೇಬೇಕು ಅಂತ ಟ್ರಾಯ್ ರೂಲ್ ಇದೆ, ನೋಡಿ, ಆದ್ರೆ ಮ್ಯಾಪಲ್ಲಿ ಊರು ಬಣ್ಣ ಬಣ್ಣ ಇದ್ದ ಮಾತ್ರಕ್ಕೆ ನಿಮ್ಮನೆ ಒಳಗೆ ಸಿಗ್ನಲ್ ಇದೆ ಅಂತಲ್ಲ.

ಬಿಎಸ್‌ಎನ್‌ಎಲ್‌ನವ್ರ ಸ್ವದೇಶಿ 4ಜಿ 2025ರ ಸೆಪ್ಟೆಂಬರಲ್ಲಿ ಅಧಿಕೃತವಾಗಿ ಶುರುವಾಯ್ತು, ಹಂಗಾಗಿ ಅವ್ರ ಸಿಮ್ಮನ್ನೂ ಈ ಟೆಸ್ಟಿಗೆ ಸೇರ್ಸಿ, ಹಳೇ ಕಾಲದ ನೆನಪಲ್ಲಿ ತಳ್ಳಿ ಹಾಕ್ಬೇಡಿ. ಊರೊಳಗೆ ಕೇಬಲ್‌ನೋರು ಫೈಬರ್ ಎಳ್ದಿದ್ರೆ ಅದನ್ನೂ ವಿಚಾರ್ಸಿ, ಫೈಬರ್ ಸಿಗೋ ಮನೆಗೆ ಮೊಬೈಲ್ ನೆಟ್ಟಿನ ಕಾಂಟ್ರಾಕ್ಟ್ ಯಾಕ್ರೀ ಬೇಕು.

ಎಷ್ಟು ಡೇಟಾ ಬೇಕು

ಫೋನಿಗೆ ಸಾಕಾಗ್ತಿದ್ದ ಡೇಟಾ ಲ್ಯಾಪ್‌ಟಾಪಿಗೆ ಸಾಕಾಗಲ್ಲ. ಯೂಟ್ಯೂಬ್ 480ಪಿಯಲ್ಲಿ ನೋಡಿದ್ರೆ ಗಂಟೆಗೆ ಹೆಚ್ಚುಕಮ್ಮಿ ಅರ್ಧ ಜಿಬಿ, ಫುಲ್ ಎಚ್‌ಡಿ ಅಂದ್ರೆ ಅದ್ರ ಮೂರ್ನಾಲ್ಕು ಪಟ್ಟು. ಝೂಮಲ್ಲಿ ಕ್ಲಾಸು ಅಂದ್ರೆ ಗಂಟೆಗೆ ಒಂದ್ ಜಿಬಿ ಹತ್ತತ್ರ ಇಟ್ಕೊಳಿ. ದಿನಕ್ಕೆ ಎರಡ್ ಜಿಬಿ ಪ್ಲಾನು ಅಂದ್ರೆ ಸಾಯಂಕಾಲ ಎರಡ್ಮೂರು ಗಂಟೆ ಓದಿಗೆ ಸರಿಯಾಗತ್ತೆ, ಅದ್ರ ಮಧ್ಯ ವಿಂಡೋಸ್ ಅಪ್‌ಡೇಟ್ ಒಂದು ಕದ್ದು ಡೌನ್‌ಲೋಡ್ ಆಗೋಕ್ ಶುರುವಾದ್ರೆ ಮುಗೀತು, ಒಂದೊಂದ್ ಅಪ್‌ಡೇಟೇ ಕೆಲವು ಜಿಬಿ ಇರತ್ತೆ. ಕೋಟಾ ಮುಗಿದ್ಮೇಲೆ "ಅನ್‌ಲಿಮಿಟೆಡ್" ಅಂತ ಹೇಳ್ತಾರಲ್ಲ, ಸಾಮಾನ್ಯವಾಗಿ ಅದು 64 ಕೆಬಿಪಿಎಸ್, ಆ ಸ್ಪೀಡಲ್ಲಿ ವಾಟ್ಸಾಪ್ ಮೆಸೇಜ್ ಹೋದ್ರೆ ಪುಣ್ಯ.

5ಜಿ ಅನ್‌ಲಿಮಿಟೆಡ್ ಅಂತ ಇನ್ನೊಂದಿದೆ. ಅದು 5ಜಿ ಟವರಿಗೆ ಕನೆಕ್ಟ್ ಆಗಿದ್ದಾಗ ಮಾತ್ರ, ಫೋನು 4ಜಿಗೆ ಇಳೀತು ಅಂದ್ರೆ ದಿನದ ಕೋಟಾ ಕರಗತ್ತೆ. ಮೈಸೂರು ಸಿಟಿ ಒಳಗೆ ಇದು ನಿಜವಾಗ್ಲೂ ಉಪಯೋಗ, ಹಳ್ಳಿಗೆ ಹೋದಂಗೆ ಹೋದಂಗೆ ಅನುಮಾನ.

ಬಂಡಲ್ ಅಂದ್ರೆ ನಮ್ಮಲ್ಲಿ ಯಾವ್ಯಾವ್ದು

ಇಂಗ್ಲೆಂಡಲ್ಲಿ 2008ರ ಸುಮಾರಿಗೆ ಇದೊಂದು ಹುಚ್ಚೇ ಇತ್ತು, ಎರಡ್ ವರ್ಷದ ಮೊಬೈಲ್ ಬ್ರಾಡ್‌ಬ್ಯಾಂಡ್ ಕಾಂಟ್ರಾಕ್ಟಿಗೆ ಸೈನ್ ಹಾಕಿದ್ರೆ ಪುಟಾಣಿ ಲ್ಯಾಪ್‌ಟಾಪ್ "ಫ್ರೀ", ಡಾಂಗಲ್ಲೂ ಅದ್ರ ಜೊತೆ. ಫ್ರೀ ಅಂದ್ರೆ ಏನು, ಲ್ಯಾಪ್‌ಟಾಪಿನ ದುಡ್ಡು ತಿಂಗಳ ಬಿಲ್ಲಲ್ಲಿ ಕರಗ್ಸಿ ಇಟ್ಟಿರ್ತಿದ್ರು. ಅಲ್ಲಿ ಪೋಸ್ಟ್‌ಪೇಯ್ಡ್ ಕಾಂಟ್ರಾಕ್ಟು ಜನಕ್ಕೆ ರೂಢಿ. ನಮ್ದು ಪ್ರೀಪೇಯ್ಡ್ ದೇಶ, ಹಂಗಾಗಿ ಅದೇ ವ್ಯವಹಾರ ಇಲ್ಲಿ ಬೇರೆ ವೇಷದಲ್ಲಿ ಬರತ್ತೆ.

ಒಂದನೇ ವೇಷ, ಸಿಮ್ ಒಳಗೇ ಇರೋ ಅಗ್ಗದ ಲ್ಯಾಪ್‌ಟಾಪು. 2023ರಲ್ಲಿ ಬಂದ ಜಿಯೋಬುಕ್ ಎಲ್ರಿಗೂ ಗೊತ್ತಿರೋ ಉದಾಹರಣೆ, ಬಿಟ್ಟಾಗ ರೇಟು 16,499, 11.6 ಇಂಚು ಸ್ಕ್ರೀನು, 4 ಜಿಬಿ ರ್‍ಯಾಮ್, 64 ಜಿಬಿ ಸ್ಟೋರೇಜು, ತೂಕ ಒಂದ್ ಕೆಜಿಗಿಂತ ಕಮ್ಮಿ, 4ಜಿ ಒಳಗೇ ಇದೆ. ಆದ್ರೆ ಓಡೋದು ಜಿಯೋಓಎಸ್, ವಿಂಡೋಸ್ ಅಲ್ಲ. ಇಂಥವುಗಳನ್ನ ಲ್ಯಾಪ್‌ಟಾಪ್ ಅಂದ್ಕೊಂಡ್ ತಗೋಬೇಡಿ, ಕೀಬೋರ್ಡ್ ಇರೋ ಟ್ಯಾಬ್ಲೆಟ್ ಅಂದ್ಕೊಂಡ್ ತಗೊಂಡ್ರೆ ಬೇಜಾರಾಗಲ್ಲ.

ಎರಡನೇದು ಅಂಗಡಿಯವ್ರೇ ಕಟ್ಟೋ ಬಂಡಲ್ಲು. ವಿಂಡೋಸ್ ಲ್ಯಾಪ್‌ಟಾಪು, ಜೊತೆಗೆ ಪುಟ್ಟ ವೈಫೈ ಹಾಟ್‌ಸ್ಪಾಟ್ ಡಬ್ಬಿ, ಸಿಮ್ಮು, ಇಷ್ಟು ತಿಂಗಳ ರೀಚಾರ್ಜು, ಎಲ್ಲಾ ಸೇರ್ಸಿ ಫೈನಾನ್ಸ್. ಭಾವಂಗೆ ಸಿಕ್ಕಿದ್ ಪಾಂಪ್ಲೆಟ್ಟು ಇದೇ ಜಾತಿ. ಇದ್ರಲ್ಲಿ ಮೂರು ಜನ ಇರ್ತಾರೆ ಅನ್ನೋದು ಕಾಣಲ್ಲ. ಲ್ಯಾಪ್‌ಟಾಪ್ ಕಂಪನಿ ಒಂದು, ನೆಟ್ ಕಂಪನಿ ಒಂದು, ಸಾಲ ಕೊಡೋ ಫೈನಾನ್ಸ್ ಕಂಪನಿ ಒಂದು. ನೆಟ್ ಬರ್ತಿಲ್ಲ ಅಂತ ನೀವು ಕಂತು ನಿಲ್ಸೋಕಾಗಲ್ಲ, ಸಾಲ ಇರೋದು ಫೈನಾನ್ಸಿಗೆ, ಅವ್ರಿಗೆ ಟವರಿಗೂ ಸಂಬಂಧ ಇಲ್ಲ, ಕಟ್ಲಿಲ್ಲ ಅಂದ್ರೆ ಬೌನ್ಸ್ ಚಾರ್ಜು, ಆಮೇಲೆ ಸಿಬಿಲ್ ಸ್ಕೋರು, ಅಂದ್ರೆ ಸಾಲ ಸರಿಯಾಗಿ ಕಟ್ತೀರಾ ಅಂತ ಬ್ಯಾಂಕಿನೋರು ನೋಡೋ ಅಂಕ, ಬೀಳತ್ತೆ. ನಾಳೆ ಟ್ರಾಕ್ಟರ್ ಲೋನ್‌ಗೆ ಹೋದಾಗ ಅದು ಎದ್ದು ಬರತ್ತೆ.

ಮೂರನೇದು ಮನೆಗೆ ಏರ್‌ಫೈಬರ್ ಹಾಕ್ಸೋದು, ಅಂದ್ರೆ ಕೇಬಲ್ ಎಳೀದೇ ಟವರ್ ಸಿಗ್ನಲ್ಲಿಂದ ಮನೆಗೆ ವೈಫೈ, ಜಿಯೋ, ಏರ್‌ಟೆಲ್ ಎರಡೂ 2023ರಲ್ಲಿ ಶುರು ಮಾಡಿದ್ವು. ಅದು ಲ್ಯಾಪ್‌ಟಾಪ್ ಜೊತೆ ಹೊರಗೆ ಬರಲ್ಲ, ಮನೆಗೇ ಕಟ್ಟಾಕಿದ್ದು, ಮನೆ ತುಂಬಾ ಜನ ನೆಟ್ ಬಳ್ಸೋರಿದ್ರೆ ಮಾತ್ರ ನೋಡಿ.

ಇನ್ನು ನಾಲ್ಕನೇದು ಬಂಡಲ್ಲೇ ಅಲ್ಲ, ಅದಕ್ಕೇ ಯಾರೂ ಮಾರಲ್ಲ: ಲ್ಯಾಪ್‌ಟಾಪ್ ಬೇರೆ ತಗೊಳೋದು, ನೆಟ್ಟು ಇರೋ ಫೋನಿಂದಾನೇ ಹಾಟ್‌ಸ್ಪಾಟ್.

ವಾಟ್ಸಾಪಲ್ಲಿ ಬರೋ "ಸರ್ಕಾರದಿಂದ ಎಲ್ಲಾ ವಿದ್ಯಾರ್ಥಿಗಳಿಗೂ ಉಚಿತ ಲ್ಯಾಪ್‌ಟಾಪು, ಲಿಂಕ್ ಒತ್ತಿ" ಅನ್ನೋದು ಐದನೇ ಜಾತಿ. ಒತ್ಬೇಡಿ. ಒತ್ತಿ ದುಡ್ಡು ಹೋಗಿದ್ರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಮಾರನೇ ದಿನ ಅಲ್ಲ.

ಈಗ ಲೆಕ್ಕ

ಪಾಂಪ್ಲೆಟ್ಟಲ್ಲಿ ದೊಡ್ಡಕ್ಷರದಲ್ಲಿ ಇರೋದು ತಿಂಗಳ ಕಂತು. ನೀವು ನೋಡ್ಬೇಕಾದ್ದು ಎರಡ್ ವರ್ಷಕ್ಕೆ ಒಟ್ಟು ಎಷ್ಟು ಅನ್ನೋದು. ಉದಾಹರಣೆಗೆ ಹಿಂಗಿಟ್ಕೊಳಣ, ಬಂಡಲ್ಲಿಗೆ ತಿಂಗಳಿಗೆ 2,299, ಇಪ್ಪತ್ನಾಕು ತಿಂಗಳು, ಗುಣ್ಸಿದ್ರೆ 55,176. ಅದೇ ಲ್ಯಾಪ್‌ಟಾಪು ಹೊರಗಡೆ 35,000ಕ್ಕೆ ಸಿಗ್ತಿದೆ, ನೆಟ್ಟಿಗೆ 28 ದಿನದ 350 ರೂಪಾಯಿ ರೀಚಾರ್ಜು. ಇಲ್ಲೊಂದ್ ಕಿತಾಪತಿ ಇದೆ ನೋಡಿ, 28 ದಿನ ಅಂದ್ರೆ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜು. ಎರಡ್ ವರ್ಷಕ್ಕೆ ಇಪ್ಪತ್ತಾರು, 9,100. ಒಟ್ಟು 44,100. ಹನ್ನೊಂದು ಸಾವ್ರದ ಮೇಲೆ ವ್ಯತ್ಯಾಸ, ಆ ದುಡ್ಡಿಗೆ ಒಳ್ಳೇ ಪ್ರಿಂಟರ್ ಬರತ್ತೆ. ನಿಮ್ ಪಾಂಪ್ಲೆಟ್ಟಿನ ಅಂಕಿ ಬೇರೆ ಇರ್ಬೋದು, ಗುಣಾಕಾರ ಇದೇ. ಉಲ್ಟಾ ಬಂದ್ರೆ, ಅಂದ್ರೆ ಬಂಡಲ್ಲೇ ಕಮ್ಮಿ ಬಿದ್ರೆ, ಸಿಗ್ನಲ್ ಟೆಸ್ಟಲ್ಲಿ ಆ ಕಂಪನಿ ಪಾಸಾಗಿದ್ರೆ, ಧೈರ್ಯವಾಗಿ ತಗೊಳಿ.

ಬಡ್ಡಿ ವಿಷಯ ಬಂದಾಗ "ಬರೀ 12 ಪರ್ಸೆಂಟ್ ಸಾರ್" ಅಂದ್ರೆ ಫ್ಲಾಟಾ ರೆಡ್ಯೂಸಿಂಗಾ ಅಂತ ಕೇಳಿ. ಫ್ಲಾಟ್ ಅಂದ್ರೆ ಕೊನೇವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ, ರೆಡ್ಯೂಸಿಂಗ್ ಅಂದ್ರೆ ಬಾಕಿ ಇರೋದ್ರ ಮೇಲೆ ಮಾತ್ರ. 35,000ಕ್ಕೆ ಫ್ಲಾಟ್ 12 ಪರ್ಸೆಂಟ್, ಎರಡ್ ವರ್ಷ, ಬಡ್ಡಿ 8,400. ಆದ್ರೆ ನೀವು ಪ್ರತಿ ತಿಂಗಳು ಅಸಲು ವಾಪಸ್ ಕೊಡ್ತಾನೇ ಇರ್ತೀರಲ್ಲ, ಹಂಗ್ ಲೆಕ್ಕ ಹಾಕಿದ್ರೆ ನಿಜವಾದ ಬಡ್ಡಿ 21 ಪರ್ಸೆಂಟ್ ದಾಟತ್ತೆ. ನೋ ಕಾಸ್ಟ್ ಇಎಂಐ ಅನ್ನೋದೂ ಅಷ್ಟೇ, ಸೊನ್ನೆ ಬಡ್ಡಿ ಅನ್ನೋದೇ ಇರಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿಯಷ್ಟು ಡಿಸ್ಕೌಂಟ್ ಕೊಟ್ಟಂಗೆ ತೋರ್ಸಿ ಸರಿದೂಗ್ಸಿರ್ತಾರೆ, ಅದ್ರ ಮೇಲೆ ಪ್ರಾಸೆಸಿಂಗ್ ಫೀ, ಕ್ರೆಡಿಟ್ ಕಾರ್ಡ್ ಆದ್ರೆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. 2024ರ ಅಕ್ಟೋಬರ್ 1ರಿಂದ ಇಂಥ ಫೈನಾನ್ಸ್ ಸಾಲಕ್ಕೆಲ್ಲಾ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಒಂದು ಹಾಳೆ ಕೊಡ್ಲೇಬೇಕು, ಅದ್ರಲ್ಲಿ ಎಪಿಆರ್ ಅಂತ ಒಂದು ಅಂಕಿ ಇರತ್ತೆ, ಎಲ್ಲಾ ಚಾರ್ಜೂ ಸೇರಿದ ನಿಜವಾದ ವಾರ್ಷಿಕ ರೇಟು ಅದೇ. ಅದನ್ನ ತೋರ್ಸಿ ಅನ್ನಿ. ತೋರ್ಸಕ್ಕೆ ಹಿಂದೆ ಮುಂದೆ ನೋಡಿದ್ರೆ ಚಪ್ಪಲಿ ಹಾಕ್ಕೊಳಿ.

ರೈತರ ಮನೆಯವ್ರು ಇನ್ನೊಂದನ್ನ ಯೋಚ್ನೆ ಮಾಡ್ಬೇಕು, ಇದನ್ನ ಯಾವ ಸೇಲ್ಸ್‌ನೋನೂ ಹೇಳಲ್ಲ. ಕಂತು ತಿಂಗಳಿಗೊಂದು ಸಲ ಐದನೇ ತಾರೀಕು ಅಂದ್ರೆ ಐದನೇ ತಾರೀಕು. ಕಬ್ಬಿನ ದುಡ್ಡು ಹಂಗ್ ಬರತ್ತಾ? ಭಾವಂಗೆ ದುಡ್ಡು ಬರೋದು ಕಬ್ಬು ಅರೆದು ಬಿಲ್ಲು ಆದ್ಮೇಲೆ, ಒಂದೇ ಗಂಟು, ಅದೂ ಫ್ಯಾಕ್ಟ್ರಿಯವ್ರು ಮನಸ್ಸು ಮಾಡಿದಾಗ. ಅಂಥವ್ರಿಗೆ ಇಪ್ಪತ್ನಾಕು ಕಂತಿನ ಬದ್ಲು, ಕೈಯಲ್ಲಿ ಗಂಟು ಬಂದಾಗ ಒಂದೇ ಸಲ ಕೊಟ್ಟು ಮುಗ್ಸೋದೇ ವಾಸಿ, ಇಲ್ಲ ಅಂದ್ರೆ ಕಂತಿಗೋಸ್ಕರ ಕೈಸಾಲ ಮಾಡ್ಬೇಕಾಗತ್ತೆ. ನಾನಿದನ್ನ ಹೇಳಿದಾಗ ಅಕ್ಕ ಒಳಗಿಂದ "ಅದ್ಕೇ ನಾನ್ ಮೊದ್ಲಿಂದ ಬಡ್ಕೊತಾ ಇರಾದು" ಅಂದ್ಲು.

ಲ್ಯಾಪ್‌ಟಾಪ್ ಆರ್ಸೋದು

ಬಂಡಲ್‌ನಲ್ಲಿ ಹಾಕಿರೋ ಲ್ಯಾಪ್‌ಟಾಪಿನ ಬ್ರ್ಯಾಂಡ್ ಹೆಸರು ದೊಡ್ಡದಾಗಿ ಇರತ್ತೆ, ಮಾಡೆಲ್ ನಂಬರ್ ಇರಲ್ಲ. ಪೂರ್ತಿ ಮಾಡೆಲ್ ನಂಬರ್ ಬರ್ಕೊಡಿ ಅಂತ ಕೇಳಿ. ಯಾಕಂದ್ರೆ ಒಂದೇ ಹೆಸರಲ್ಲಿ ಕತ್ತೇನೂ ಇರತ್ತೆ ಕುದ್ರೇನೂ ಇರತ್ತೆ.

ರ್‍ಯಾಮ್ 8 ಜಿಬಿಗಿಂತ ಕಮ್ಮಿ ವಿಂಡೋಸ್ ಲ್ಯಾಪ್‌ಟಾಪ್ ತಗೋಬೇಡಿ. ವಿಂಡೋಸ್ 11ಗೆ ಕನಿಷ್ಠ 4 ಜಿಬಿ ಸಾಕು ಅಂತ ಮೈಕ್ರೋಸಾಫ್ಟೇ ಬರ್ದಿದೆ, ನಿಜ, ಆದ್ರೆ ಅದು ಆನ್ ಆಗೋಕೆ ಸಾಕು, ಕೆಲ್ಸ ಮಾಡೋಕಲ್ಲ. ರ್‍ಯಾಮ್ ಆಮೇಲೆ ಹಾಕ್ಸೋಕೆ ಸ್ಲಾಟ್ ಇದ್ಯಾ, ಇಲ್ಲ ಬೋರ್ಡಿಗೇ ಬೆಸೆದಿದ್ದಾರಾ ಅಂತ ಕೇಳಿ. ರೈಜೆನ್ 3 7320ಯು ಅನ್ನೋ ಚಿಪ್ ಇರೋ ಲ್ಯಾಪ್‌ಟಾಪಲ್ಲಿ ಬೆಸೆದೇ ಇರೋದು, ಅದನ್ನ 8ರಲ್ಲಿ ತಗೊಂಡ್ರೆ ಸಾಯೋವರೆಗೂ 8. ಸ್ಟೋರೇಜಿಗೆ ಎಸ್‌ಎಸ್‌ಡಿ ಅಂತ ಇರ್ಬೇಕು, ಇಎಂಎಂಸಿ ಅಂತಿದ್ರೆ ಅದು ಮೊಬೈಲ್ ಮೆಮೊರಿ ಥರದ್ದು, ನಿಧಾನ. 64 ಜಿಬಿ ಇಎಂಎಂಸಿಯಲ್ಲಿ ವಿಂಡೋಸ್ ಹಾಕಿದ್ರೆ ವರ್ಷ ಕಳೆಯೋದ್ರೊಳಗೆ ಅಪ್‌ಡೇಟಿಗೂ ಜಾಗ ಇರಲ್ಲ.

ಪ್ರಾಸೆಸರ್ ಅಂದ್ರೆ ಸೆಲೆರಾನ್ ಹೆಸರಿದ್ರೆ ಅಗ್ಗ ಯಾಕೆ ಅಂತ ಗೊತ್ತಾಯ್ತು ಅಂದ್ಕೊಳಿ. ಐ3-1215ಯು ಥರದ್ದು, ಅದ್ರಲ್ಲಿ ಮೊದಲ 12 ಅಂದ್ರೆ 12ನೇ ತಲೆಮಾರು, ಬಿಕಾಂ ಬಿಎ ಬಿಎಸ್ಸಿಗೆ ಬೇಕಾದಷ್ಟಾಯ್ತು. ಸ್ಕ್ರೀನು ಫುಲ್ ಎಚ್‌ಡಿ ಐಪಿಎಸ್ ಇದ್ರೆ ಕಣ್ಣಿಗೆ ಹಿತ, ಅಗ್ಗದ ಟಿಎನ್ ಪ್ಯಾನೆಲ್ಲಲ್ಲಿ ಸ್ವಲ್ಪ ಓರೆಯಿಂದ ನೋಡಿದ್ರೆ ಬಣ್ಣ ಎಲ್ಲಾ ಬೂದಿ ಬಳ್ದಂಗೆ.

ವಿಂಡೋಸ್ ಎಸ್ ಮೋಡ್ ಅಂತ ಇದ್ರೆ ಗಾಬ್ರಿ ಬೇಡ, ಅದ್ರಲ್ಲಿ ಮೈಕ್ರೋಸಾಫ್ಟ್ ಸ್ಟೋರ್ ಆ್ಯಪ್ ಬಿಟ್ರೆ ಟ್ಯಾಲಿ, ನುಡಿ ಯಾವ್ದೂ ಹತ್ತಲ್ಲ, ಆದ್ರೆ ಸೆಟ್ಟಿಂಗ್ಸಲ್ಲಿ ಎಸ್ ಮೋಡಿಂದ ಆಚೆ ಬರ್ಬೋದು, ಫ್ರೀ, ಒಂದ್ ಸಲ ಬಂದ್ರೆ ವಾಪಸ್ ಹೋಗೋಕಾಗಲ್ಲ ಅಷ್ಟೇ. ಡಾಸ್ ಲ್ಯಾಪ್‌ಟಾಪಿಗೆ, ಅಂದ್ರೆ ವಿಂಡೋಸ್ ಇಲ್ದೇ ಬರೋದಕ್ಕೆ, "ನಾನೇ ವಿಂಡೋಸ್ ಹಾಕ್ಕೊಡ್ತೀನಿ" ಅನ್ನೋ ಅಂಗಡಿಯವ್ನು ಹಾಕೋದು ಕಳ್ ಮಾಲು, ಅದನ್ನ ಒಪ್ಕೋಬೇಡಿ. ಎಂಎಸ್ ಆಫೀಸ್ ಲೈಫ್‌ಟೈಮಾ, ಒಂದ್ ವರ್ಷಕ್ಕಾ, ಒಂದ್ ತಿಂಗಳ ಟ್ರಯಲ್ಲಾ ಅಂತ ಬಿಲ್ಲಲ್ಲೇ ಬರ್ಸಿ. ಇಲ್ಲ ಅಂದ್ರೂ ಲಿಬ್ರೆಆಫೀಸ್ ಫ್ರೀ ಇದೆ.

ದುಡ್ಡು ತೀರಾ ಕಮ್ಮಿ ಇದ್ರೆ ಹೊಸ ಡಬ್ಬಾಗಿಂತ ಹಳೇ ಆಫೀಸ್ ಲ್ಯಾಪ್‌ಟಾಪ್ ಮೇಲು ಅಂತ ನನ್ ಅಭಿಪ್ರಾಯ. ಥಿಂಕ್‌ಪ್ಯಾಡು, ಲ್ಯಾಟಿಟ್ಯೂಡು ಥರದವು, ಕಂಪನಿಗಳು ಬಳ್ಸಿ ಬಿಟ್ಟಿದ್ದು, ಬೆಂಗ್ಳೂರು ಎಸ್‌ಪಿ ರೋಡಲ್ಲಿ ರಾಶಿ ಸಿಗತ್ತೆ, ಮೈಸೂರಲ್ಲೂ ಮಾರ್ತಾರೆ. ಇಂಟೆಲ್ ಆದ್ರೆ 8ನೇ ತಲೆಮಾರು ಅಥವಾ ಅದ್ರಿಂದ ಈಚೇದು ಇರ್ಲೇಬೇಕು, ಅದಕ್ಕಿಂತ ಹಳೇದಕ್ಕೆ ವಿಂಡೋಸ್ 11 ಅಧಿಕೃತವಾಗಿ ಹತ್ತಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟು 2025ರ ಅಕ್ಟೋಬರ್ 14ಕ್ಕೇ ಮುಗೀತು. ಬ್ಯಾಟ್ರಿ ನೋಡೋಕೆ ಕಮಾಂಡ್ ಪ್ರಾಂಪ್ಟ್ ತೆಗ್ದು ಪವರ್‌ಸಿಎಫ್‌ಜಿ, ಒಂದ್ ಸ್ಪೇಸು, ಸ್ಲ್ಯಾಶು, ಬ್ಯಾಟರಿರಿಪೋರ್ಟ್ (powercfg /batteryreport) ಅಂತ ಹೊಡೀರಿ, ಒಂದು ಫೈಲ್ ಬರತ್ತೆ, ಹೊಸದ್ರಲ್ಲಿ ಎಷ್ಟಿತ್ತು ಈಗ ಎಷ್ಟು ತುಂಬತ್ತೆ ಅಂತ ಎರಡೂ ಇರತ್ತೆ. ಮಜಾ ಏನಂದ್ರೆ ಈ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಸಿಮ್ ಸ್ಲಾಟೇ ಇರತ್ತೆ. ಆದ್ರೆ ಸ್ಲಾಟ್ ಇದ್ದು ಒಳಗಡೆ ಮೋಡೆಮ್ ಕಾರ್ಡ್ ಇಲ್ದೇ ಇರೋದೇ ಜಾಸ್ತಿ, ಅಂಗಡಿಯಲ್ಲೇ ನಿಮ್ ಸಿಮ್ ಹಾಕಿ ನೋಡಿ.

ಸೈನ್ ಹಾಕೋಕ್ ಮುಂಚೆ ಬಾಯ್ಬಿಟ್ಟು ಕೇಳ್ಬೇಕಾದ್ದು

ನಾಚ್ಕೋಬೇಡಿ, ಹಿಂದೆ ಕ್ಯೂ ಇದ್ರೂ ಕೇಳಿ. ಮಧ್ಯದಲ್ಲಿ ಸಾಲ ಪೂರ್ತಿ ತೀರ್ಸಿದ್ರೆ ಚಾರ್ಜ್ ಎಷ್ಟು? ಹಾಟ್‌ಸ್ಪಾಟ್ ಡಬ್ಬಿಗೆ ಬೇರೆ ಕಂಪನಿ ಸಿಮ್ ಹಾಕಿದ್ರೆ ಓಡತ್ತಾ? ಒಂದ್ ಕಂಪನಿ ಹೆಸರಲ್ಲಿ ಬರೋ ಡಬ್ಬಿಗಳು ಸಾಮಾನ್ಯವಾಗಿ ಅದೇ ಕಂಪನಿ ಸಿಮ್ಮಿಗೆ ಲಾಕು, ಹಂಗಾದ್ರೆ ಅದು ನಿಮಗೆ ಆಸ್ತಿ ಅಲ್ಲ. ಸಿಮ್ಮು ಯಾರ ಹೆಸರಲ್ಲಿ? ನಿಮ್ ಹೆಸರಲ್ಲೇ ಇರ್ಬೇಕು, ಆಗ್ಲೇ ಬೇಡ ಅನ್ಸಿದಾಗ ಪೋರ್ಟ್ ಮಾಡೋಕಾಗೋದು, ಅಂದ್ರೆ ಅದೇ ನಂಬರ್ ಇಟ್ಕೊಂಡು ಬೇರೆ ಕಂಪನಿಗೆ ಹೋಗೋಕಾಗೋದು, 1900ಕ್ಕೆ ಮೆಸೇಜ್ ಕಳ್ಸಿ, ಆದ್ರೆ ಸಿಮ್ ತಗೊಂಡು 90 ದಿನ ಆಗಿರ್ಬೇಕು. ಎರಡ್ ವರ್ಷದ ಮಧ್ಯ ರೀಚಾರ್ಜ್ ರೇಟ್ ಏರಿದ್ರೆ ಬಂಡಲ್ ರೇಟ್ ಏನಾಗತ್ತೆ? 2024ರ ಜುಲೈನಲ್ಲಿ ದೊಡ್ ಕಂಪನಿಗಳೆಲ್ಲಾ ಒಟ್ಟಿಗೇ ಏರ್ಸಿದ್ದು ನೆನಪಿದ್ಯಲ್ಲ. ಈ ಒಂದ್ ವಿಷಯದಲ್ಲಿ ಬಂಡಲ್ ಪರವಾಗಿ ಮಾತಾಡ್ಬೋದು, ರೇಟ್ ಏರಲ್ಲ ಅಂತ ಬರವಣಿಗೆಯಲ್ಲಿ ಕೊಟ್ರೆ ಅದು ನಿಜಕ್ಕೂ ಲಾಭ.

ಬಾಯಿಮಾತಲ್ಲಿ ಹೇಳಿದ್ದನ್ನೆಲ್ಲಾ ಬಿಲ್ ಹಿಂದೆ ಬರ್ದು ಸೀಲ್ ಹಾಕ್ಕೊಡಿ ಅನ್ನಿ. ಜಿಎಸ್‌ಟಿ ಬಿಲ್ಲಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಇರ್ಬೇಕು, ಅದನ್ನ ಬ್ರ್ಯಾಂಡಿನ ವೆಬ್‌ಸೈಟಲ್ಲಿ ಅಲ್ಲೇ ನಿಂತು ಹೊಡ್ದು ವಾರಂಟಿ ಯಾವಾಗಿಂದ ಶುರು ಆಗಿದೆ ನೋಡಿ. ಡಿಸ್‌ಪ್ಲೇಗೆ ಇಟ್ಟಿದ್ ಪೀಸನ್ನ ಹೊಸ ಡಬ್ಬಿಗೆ ಹಾಕ್ಕೊಟ್ಟಿದ್ರೆ ಸಿಕ್ಕಿಬೀಳೋದು ಇಲ್ಲೇ. ಸರ್ವಿಸ್ ಸೆಂಟರ್ ಮೈಸೂರಲ್ಲೋ ಮಂಡ್ಯದಲ್ಲೋ ಇದ್ಯಾ, ಇಲ್ಲ ಬೆಂಗ್ಳೂರಿಗೆ ಹೊತ್ಕೊಂಡ್ ಹೋಗ್ಬೇಕಾ ಅದನ್ನೂ ಆಗ್ಲೇ ತಿಳ್ಕೊಳಿ.

ಏನಾದ್ರೂ ಎಡವಟ್ಟಾದ್ರೆ ಮೊದಲು ಅಂಗಡಿಗೆ ಕಂಪನಿಗೆ ಬರವಣಿಗೆಯಲ್ಲಿ ದೂರು, ಆಮೇಲೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರೀಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕರ ಆಯೋಗ, ಮೈಸೂರಲ್ಲೂ ಇದೆ ಮಂಡ್ಯದಲ್ಲೂ ಇದೆ, 5 ಲಕ್ಷದೊಳಗಿನ ವ್ಯವಹಾರಕ್ಕೆ ಫೀಸೇ ಇಲ್ಲ, ಲಾಯರ್ ಇಡ್ಲೇಬೇಕು ಅಂತನೂ ಇಲ್ಲ.

ಮನೆಗ್ ತಂದ ದಿನ

ಮೊದಲ ದಿನದ ಅಪ್‌ಡೇಟು ಹಲವು ಜಿಬಿ ಕುಡಿಯತ್ತೆ, ಅದನ್ನ ಮೊಬೈಲ್ ಡೇಟಾದಲ್ಲಿ ಮಾಡ್ಬೇಡಿ, ಫೈಬರ್ ಇರೋ ನೆಂಟರ ಮನೇಲಿ ಒಂದ್ ರಾತ್ರಿ ಇಟ್ಟು ಬನ್ನಿ. ಆಮೇಲೆ ವೈಫೈ ಸೆಟ್ಟಿಂಗ್ಸಲ್ಲಿ ನಿಮ್ ಹಾಟ್‌ಸ್ಪಾಟಿನ ಹೆಸರು ಒತ್ತಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ, ದೊಡ್ ಅಪ್‌ಡೇಟ್‌ಗಳು ಅಷ್ಟಾಗಿ ತಾವಾಗೇ ಇಳಿಯಲ್ಲ. ಒನ್‌ಡ್ರೈವ್ ಸಿಂಕ್ ನಿಲ್ಸಿ, ಅದೂ ಹಿಂಬಾಗ್ಲಿಂದ ಡೇಟಾ ಸಾಗ್ಸತ್ತೆ. ಫೋನ್ ಹಾಟ್‌ಸ್ಪಾಟ್ ಗಂಟೆಗಟ್ಲೆ ಆನ್ ಇದ್ರೆ ಫೋನ್ ಕಾಯ್ದ ಹಂಚಾಗತ್ತೆ, ಅದ್ರ ಬದ್ಲು ಚಾರ್ಜಿಂಗ್ ವೈರಲ್ಲೇ ಯುಎಸ್‌ಬಿ ಟೆದರಿಂಗ್ ಮಾಡಿ, ನೆಟ್ಟೂ ಗಟ್ಟಿ, ಫೋನೂ ಚಾರ್ಜ್ ಆಗ್ತಿರತ್ತೆ. ಕರೆಂಟ್ ಹೋದ್ರೂ ಇದು ನಡೆಯತ್ತೆ, ಫೈಬರ್ ರೌಟರ್ ಆದ್ರೆ ಯುಪಿಎಸ್ ಬೇಕು.

ನಮ್ ಹುಡುಗಿ ವಿಷಯ ಏನಾಯ್ತು ಅಂದ್ರೆ, ಪಾಂಪ್ಲೆಟ್ ಕಂಪನಿಯ ಸಿಗ್ನಲ್ಲು ಅವ್ರ ನಡುಮನೇಲಿ ಮೈನಸ್ 118 ತೋರ್ಸ್ತು, ಅಲ್ಲಿಗೆ ಆ ಕಥೆ ಮುಗೀತು. ಮಂಡ್ಯ ವಿವಿ ರೋಡಲ್ಲಿ ಎರಡು, ಮೈಸೂರಲ್ಲಿ ಮೂರು ಅಂಗಡಿ ಸುತ್ತಿ ಐ3, 8 ಜಿಬಿ, 512 ಎಸ್‌ಎಸ್‌ಡಿ ಇರೋದು ತಗೊಂಡ್ವಿ, ಅರ್ಧ ದುಡ್ಡು ಭಾವ, ಇನ್ನರ್ಧ ನಾನು, ಕಬ್ಬಿನ ಬಿಲ್ಲು ಆದ್ಮೇಲೆ ಕೊಡ್ತಾರಂತೆ. ನೆಟ್ಟು ಬೇರೆ ಕಂಪನೀದು, ಅಟ್ಟದ ಕಿಟಕಿ ಪಕ್ಕ ಮೈನಸ್ 94. ಒಂದೇ ತಕರಾರು ಏನಂದ್ರೆ ಆ ಸಿಮ್ ಇರೋದು ಭಾವನ ಫೋನಲ್ಲಿ, ಸಾಯಂಕಾಲ ಆರಾದ್ರೆ ಇವಳು ಅದನ್ನ ಎತ್ಕೊಂಡ್ ಅಟ್ಟ ಹತ್ತಿಬಿಡ್ತಾಳೆ. ಮೊನ್ನೆ ಫೋನ್ ಮಾಡಿದ್ರೆ ಅವಳೇ ಎತ್ತಿದ್ಲು, "ಮಾವ, ಅಪ್ಪ ಕೆಳಗಡೆ ಕೂಗಾಡ್ತಾ ಅವ್ರೆ, ನಾಳೆ ಒಂದ್ ಹಳೇ ಫೋನ್ ಇದ್ರೆ ತಗಂಬಾ, ಸಿಮ್ ನಾನೇ ತಗೋತೀನಿ" ಅಂದ್ಲು. ನನ್ ಹಳೇ 4ಜಿ ಫೋನ್ ಒಂದು ಬೀರುವಲ್ಲಿದೆ, ಅದಕ್ಕೆ ಬ್ಯಾಟ್ರಿ ಹಾಕ್ಸೋಕೆ ಕೊಟ್ಟಿದ್ದೀನಿ.